ಅರಮನೆಯ ನಕಲುಗಾರ

ಪೀಟರ್ಸ್‌ಬರ್ಗಿನ ಅರಮನೆಯಲ್ಲಿ ಸಾಮ್ರಾಜ್ಞಿಯ ಕಾಗದಗಳನ್ನು ನಕಲು ಮಾಡುವ ನಿಕನೋರನ ಬಾಯಲ್ಲಿ 'ನಾನು' ಎಂಬ ಮಾತೇ ಇಲ್ಲ. "ಪ್ಯಾರಿಸ್ಸಿನ ಪಂಡಿತರಿಗೆ ನಿನ್ನೆ ನಾವು ಚೆನ್ನಾಗೇ ಬರೆದ್ವಿ" ಎನ್ನುತ್ತಾನೆ; ತುರ್ಕರನ್ನು ಸೋಲಿಸಿದ್ದೂ 'ನಾವೇ'. ಮನೆಯಲ್ಲಿ ಎಲೆಕೋಸಿನ ಸಾರು ಸಪ್ಪೆಯಾದರೆ, "ನಮಗೆ ಬೇಸರವಾಗಿದೆ" ಎಂದು ಹೆಂಡತಿ ಉಸ್ತಿನ್ಯಾಳಿಗೆ ಅಪ್ಪಣೆ ಕೊಡಿಸುತ್ತಾನೆ. "ಮಹಾರಾಣಿಯೋರೇ, ಉಪ್ಪು ನಿಮ್ಮ ಮುಂದೇನೇ ಇದೆ, ಹಾಕ್ಕೊಳ್ಳಿ" ಎನ್ನುತ್ತಾಳೆ ಆಕೆ. ಮನುಷ್ಯರೆಲ್ಲ ಸ್ವತಂತ್ರರಾಗಿ ಹುಟ್ಟಿದವರೆಂದು ಸಾಮ್ರಾಜ್ಞಿ ವಾರಕ್ಕೊಮ್ಮೆಯಾದರೂ ಬರೆಯುತ್ತಾಳೆ. 'ಸ್ವಾತಂತ್ರ್ಯ'ದ ಕೊನೆಯಕ್ಷರಕ್ಕೆ ನಿಕನೋರ ಎಳೆಯುವ ಬಾಲ ರಷ್ಯಾದಲ್ಲಿ ಇನ್ನೊಬ್ಬನಿಗೆ ಬಾರದು. ಅವನು ಮಾತ್ರ ಒಬ್ಬ ಜಮೀನ್ದಾರನ ಆಳು. ದನಕರುಗಳ ಜೊತೆ ಧಣಿಯ ಆಸ್ತಿಪಟ್ಟಿಯಲ್ಲಿರುವವನು, ಅರಮನೆಗೆ ಎರವಲು ಬಂದವನು. ಮೊನ್ನೆ ಆ ಧಣಿ ಅವನನ್ನು ಮಾರುವ ಜಾಹೀರಾತನ್ನು ಅವನ ಕೈಯಲ್ಲೇ ಬರೆಸಿದ: 'ನಕಲುಗಾರ, ನಲವತ್ತು ವರ್ಷ, ಕುಡಿಯುವುದಿಲ್ಲ, ಮುತ್ತಿನಂಥ ಅಕ್ಷರ. ಒಳ್ಳೆಯ ಕುದುರೆ ಕೊಟ್ಟರೂ ಆದೀತು.' ನಿಕನೋರ ಅದನ್ನು ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದ. "ನೋಡೇ, ನಮ್ಮ ಕೈ ಎಲ್ಲೂ ನಡುಗಿಲ್ಲ" ಎಂದ. "ಅದರಲ್ಲಿ ನಾನೂ ಇದ್ದೀನಾ?" ಎಂದಳು ಉಸ್ತಿನ್ಯಾ. ಅವನು ಕಾಗದದ ಕೊನೆಯ ಸಾಲಿನ ಕೆಳಗೆ ಬೆರಳಾಡಿಸಿದ. "ನಾನು ಅಕ್ಷರ ಸ್ವಲ್ಪ ದೊಡ್ಡದು ಮಾಡಿಬಿಟ್ಟೆ ಕಣೇ. ಜಾಗ ಉಳೀಲಿಲ್ಲ."