ಚಿನ್ನದ ಅಂಚಿಗೆ ಅರಿಶಿನ

ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮುಂಚೆ ಒಳಗಿನ ಧೂಳು ಒರೆಸೋಣವೆಂದು ಮೊನ್ನೆ ಅದರ ಪಕ್ಕದ ತಗಡು ಬಿಚ್ಚಿದೆ. ಗುಜರಿಗೆ ಹೋಗುವುದಕ್ಕೆ ಧೂಳೇಕೆ ಒರೆಸಬೇಕು ಎನ್ನುತ್ತೀರಿ. ಕಾನ್ವೆಂಟಿನಲ್ಲಿ ಓದಿದವಳು ನೋಡಿ, ಹ್ಯಾಬಿಟ್ ಬಿಡದು. ಮೆಮೊರಿ ಎಂದು ಕರೆಯುವ ಆ ಬೆರಳುದ್ದದ ಹಸಿರು ಪಟ್ಟಿ ಕೈಗೆ ಬಂತು. ಅದರ ಮೂಲೆಯಲ್ಲಿ ಚೂರು ಹಳದಿ ಕೂತಿತ್ತು.

ನಮ್ಮ ಯಜಮಾನರು ಹಳೇಬೀಡಿನಲ್ಲಿ ಕನ್ನಡ ಮೇಷ್ಟರಾಗಿದ್ದರು. ರಿಟೈರ್ ಆದ ಮೇಲೆ ಅರಸೀಕೆರೆಗೆ ಬಂದೆವು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಗಂಟಲಿನ ಆಪರೇಷನ್ ಇವರ ದನಿಯನ್ನು ಒಯ್ದುಬಿಟ್ಟಿತು. ಬರೆದು ತೋರಿಸೋಣವೆಂದರೆ ಕೈನಡುಕ. ಅಕ್ಷರ ಯಾರಿಗೂ ತಿಳಿಯದು. ಅದಕ್ಕೇ ಕಂಪ್ಯೂಟರ್ ಬಂತು. ಇವರು ಒಂದೊಂದೇ ಕೀ ಒತ್ತುವರು, ನಾನು ಗಟ್ಟಿಯಾಗಿ ಓದುವೆ, ನಮ್ಮತ್ತೆ ಕೇಳುವರು. ಅತ್ತೆ ಮಾದಿಹಳ್ಳಿಯ ಒಕ್ಕಲು ಮನೆತನದವರು, ಓದು ಬಾರದು. ಸಂಜೆ ದೀಪ ಹಚ್ಚಿ ಬಂದು ಮಗನ ಮಾತು ಕೇಳಲೆಂದೇ ಪಕ್ಕದಲ್ಲಿ ಕೂರುತ್ತಿದ್ದರು. ನಾನು ಎಲೊಕ್ಯೂಷನ್ ಪ್ರೈಜ್ ಗೆದ್ದ ದನಿಯಲ್ಲಿ ಓದಿದರೆ ಅವರ ಮುಖ ಹುಳ್ಳಗಾಗುತ್ತಿತ್ತು.

"ಅದೇನೇ ಇಸ್ಕೂಲ್ ಮಿಸ್ಸಿನ ಹಂಗೆ ಓದ್ತೀಯ? ನನ್ ಮಗ ಹಿಂಗ್ ಮಾತಾಡ್ತಿದ್ನಾ? ಒಸಿ ರೇಗ್ಕೊಂಡು ಓದು."

ಆ ಯಂತ್ರ ಬಲು ಮಂದ. ಇವರು ಒತ್ತಿದ ಅಕ್ಷರ ಎಷ್ಟೋ ಹೊತ್ತಿಗೆ ತೆರೆಯ ಮೇಲೆ ಮೂಡುತ್ತಿತ್ತು. ಅಷ್ಟರಲ್ಲಿ ಸಿಟ್ಟು ಆರಿ, ಜೋಕು ಹಳಸಿರುತ್ತಿತ್ತು. ಮೆಮೊರಿ ಹೆಚ್ಚಿಸಿದರೆ ಚುರುಕಾಗುತ್ತದೆಂದು ಕಂಪ್ಯೂಟರ್ ಅಂಗಡಿಯ ಶಿವಣ್ಣ ಹೊಸ ಪಟ್ಟಿ ತಂದು ಮೇಜಿನ ಮೇಲಿಟ್ಟ. ಕಾಫಿ ಕುಡಿದು ಬಂದು ಅದನ್ನು ಒಳಗೆ ಕೂರಿಸಿ ಸ್ವಿಚ್ ಒತ್ತಿದರೆ, ತೆರೆ ಕಪ್ಪು. ಒಳಗಿನಿಂದ ಬೀಪ್, ಬೀಪ್ ಎಂದು ಉದ್ದನೆಯ ಕೂಗು. ತೆಗೆದ, ಹಾಕಿದ. ಅದೇ ಜಾಗಕ್ಕೆ ಹಳೆಯ ಪಟ್ಟಿಯನ್ನೂ ಹಾಕಿ ನೋಡಿದ. ಕೂಗು ನಿಲ್ಲಲಿಲ್ಲ.

"ಮದರ್‌ಬೋರ್ಡೇ ಹೋಗಿರ್ಬೇಕು ಮೇಡಂ. ನಾಳೆ ಬಂದು ಹಾಸನಕ್ಕೆ ತಗೊಂಡು ಹೋಗ್ತೀನಿ. ರಿಪೇರಿ ಆಗ್ತದೆ ಅಂತ ಗ್ಯಾರಂಟಿ ಹೇಳಕ್ಕಾಗಲ್ಲ."

ಅವನು ಹೋದ ಮೇಲೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಇವರಂತೂ ಆಡುವ ಹಾಗೇ ಇರಲಿಲ್ಲ.

"ನಾನೇನೂ ಮಾಡಿಲ್ಲಪ್ಪ," ಎಂದರು ಅತ್ತೆ, ಬಾಗಿಲಲ್ಲಿ ನಿಂತು. ಯಾರೂ ಕೇಳಿರಲಿಲ್ಲ.

ಇವರು ಹೊಸ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಯಂತ್ರಕ್ಕೆ ತಾಗಬೇಕಾದ ಅಂಚಿನಲ್ಲಿ ಚಿನ್ನದ ಬಣ್ಣದ ಪುಟ್ಟ ಹಲ್ಲುಗಳ ಸಾಲಿರುತ್ತದಲ್ಲ, ಅದರ ಮೇಲೆ ಅರಿಶಿನ, ನಡುವೆ ಕುಂಕುಮ. ಸೈಕಲ್ಲಿರಲಿ, ಗ್ರೈಂಡರಿರಲಿ, ಅರಿಶಿನ ಕುಂಕುಮ ಕಾಣದೆ ನಮ್ಮ ಮನೆಯಲ್ಲಿ ಯಾವುದೂ ಕೆಲಸ ಶುರುಮಾಡಿದ್ದಿಲ್ಲ. ಶಿವಣ್ಣ ಕಾಫಿ ಕುಡಿಯುವಷ್ಟರಲ್ಲಿ ಅತ್ತೆ ಮಗನ ಮಾತಿಗೂ ಶಾಸ್ತ್ರ ಮುಗಿಸಿದ್ದರು, ಅದೂ ಹೊಳೆಯುವ ಕಡೆಗೇ. ಶಿವಣ್ಣ ನೋಡಿರಲಾರನೇ? ನೋಡಿದ್ದರೂ, ಹಿರಿಯರಿಟ್ಟ ಬೊಟ್ಟನ್ನು ಅಳಿಸುವ ಮನಸ್ಸು ಬಂದಿರಲಿಕ್ಕಿಲ್ಲ.

ಇವರು ತಾಯಿಗೆ ಕಾಣದಂತೆ ಆಚೆ ತಿರುಗಿ, ಡ್ರಾಯರಿನಿಂದ ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದು ನನ್ನ ಕೈಗಿಟ್ಟರು. ನಡುಗುವ ಕೈಯಲ್ಲಿ ಅವರು ಪಟ್ಟಿಯನ್ನು ಅದುಮಿ ಹಿಡಿದರು, ನಾನು ಮೆಲ್ಲಗೆ ಉಜ್ಜಿದೆ. ಪಟ್ಟಿ ಕೂರುವ ಸಂದಿಗೂ ಅರಿಶಿನ ಉದುರಿತ್ತು, ಒಣಗಿದ ಟೂತ್‌ಬ್ರಷ್ ಆಡಿಸಿದೆ. ಮತ್ತೆ ಕೂರಿಸಿ ಸ್ವಿಚ್ ಒತ್ತಿದೆ. ಚಿಕ್ಕದೊಂದು ಬೀಪ್. ತೆರೆ ಬೆಳಗಿತು.

ಇವರು ಮೊದಲು ಟೈಪ್ ಮಾಡಿದ್ದು ಇಷ್ಟು: ತನ್ನಿಂದ ಆದದ್ದೆಂದು ಅಮ್ಮನಿಗೆ ಗೊತ್ತಾಗಬಾರದು. ಅಕ್ಷರಗಳು ಒತ್ತಿದೊಡನೆ ಮೂಡಿದವು.

"ಏನಂತೆ? ಏನಂತಾನೇ?" ಅತ್ತೆ ಸರಸರನೆ ಬಂದರು.

ನಾನು ತೆರೆಯಿಂದ ಕಣ್ಣು ತೆಗೆಯದೆ, ಒಸಿ ರೇಗಿಕೊಂಡೇ ಓದಿದೆ: "ಒಂದ್ ಲೋಟ ಕಾಫಿ ಕೊಡ್ತೀಯೇನಮ್ಮ?"

ಅತ್ತೆ ಕಾಫಿ ಮಾಡಿ ತಂದರು. ಇವರು ನನ್ನ ಮುಖವನ್ನೊಮ್ಮೆ ನೋಡಿ, ತಳದವರೆಗೂ ಕುಡಿದರು. ಆಮೇಲೆ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾ ಅತ್ತೆ ತಿರುಗದೆಯೇ ಹೇಳಿದರು: "ಸಂಜೆ ಮೇಲೆ ಕಾಫಿ ಕುಡುದ್ರೆ ಅವನಿಗೆ ನಿದ್ದೆ ಬರಾಕಿಲ್ಲ ಕಣೇ. ಅವನು ಕೇಳಿರಾಕಿಲ್ಲ."

ನಾನು ತೊಳೆದ ಲೋಟವನ್ನು ಒರೆಸಿಟ್ಟೆ.

"ಅರಿಶಿನ ಪೂರ್ತಿ ಹೋಯ್ತಾ?"

"ಹೋಯ್ತು ಅತ್ತೆ."

ಈಗ ಅತ್ತೆಯೂ ಇಲ್ಲ, ಇವರೂ ಇಲ್ಲ. ಪೂರ್ತಿ ಹೋಗಿರಲಿಲ್ಲವೆಂದು ತಿಳಿದದ್ದು ಮೊನ್ನೆ. ಒರೆಸುವ ಬಟ್ಟೆ ಕೈಯಲ್ಲೇ ಇತ್ತು. ಆ ಮೂಲೆಯನ್ನು ಮಾತ್ರ ಮುಟ್ಟಲಿಲ್ಲ. ಗುಜರಿಯವನು ಬಂದು ಡಬ್ಬವನ್ನು ಒಯ್ದ. ಹಸಿರು ಪಟ್ಟಿ ದೇವರ ಗೂಡಿನಲ್ಲಿದೆ, ಅತ್ತೆಯ ಕುಂಕುಮದ ಭರಣಿಯ ಪಕ್ಕದಲ್ಲಿ. ಸಂಜೆ ದೀಪ ಹಚ್ಚಿದ ಮೇಲೆ ನಾನೂ ಅಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ.