ಅಣ್ಣ ಹೇಳಿ ಹೋಗಿದ್ದ ಆಪರೇಷನ್

ಕಣ್ಣಿಗೆ ಕಾಣದ್ದನ್ನು ನಂಬುವವರ ಪೈಕಿ ನಾನಲ್ಲ. ದೆವ್ವ ಕಂಡೆ, ಕನಸಿನಲ್ಲಿ ಅಜ್ಜ ಬಂದಿದ್ದ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ಹೋಗುವುದಿಲ್ಲ, ಕೂತು ಕೇಳುತ್ತೇನೆ. ಅದಕ್ಕೆ ಕಾರಣವಾದದ್ದನ್ನು ನಡೆದ ಹಾಗೆಯೇ ಹೇಳಿಬಿಡುತ್ತೇನೆ. ಸಂಗತಿ ಸ್ವಲ್ಪ ನಾಚಿಕೆಯದು, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ತೊಂಬತ್ತರ ದಶಕದ ಆರಂಭ. ಹಾವೇರಿ-ರಾಣೆಬೆನ್ನೂರು ಬಸ್ಸಿಗೆ ನಾನು ಕಂಡಕ್ಟರ್, ಮನೆ ಬ್ಯಾಡಗಿಯಲ್ಲಿ. ಮೂತ್ರದ ತೊಂದರೆ ಶುರುವಾಗಿ ವರ್ಷದ ಮೇಲಾಗಿತ್ತು. ಧಾರೆ ದಾರದಷ್ಟು ಸಣ್ಣಗಾಗಿತ್ತು, ಉರಿ ಬೇರೆ. ಮೋಟೆಬೆನ್ನೂರಿನಲ್ಲಿ ಇಳಿದು ಮರೆಗೆ ಹೋದರೆ ಬೇಗ ಬರಲಾಗುತ್ತಿರಲಿಲ್ಲ. ಪ್ರಯಾಣಿಕರು ಗೊಣಗುವರು, ಡ್ರೈವರ್ ಹುಸೇನಸಾಬ್ ಹಾರ್ನ್ ಹೊಡೆಯುವರು. ಹೆಂಡತಿಗೂ ಹೇಳಿರಲಿಲ್ಲ. ಏನಂತ ಹೇಳುವುದು?

ಆ ದಿನ ಬಿಸಿಲು ಜೋರಾಗಿತ್ತು. ಮೋಟೆಬೆನ್ನೂರಿನಲ್ಲಿ ಎಷ್ಟು ತಿಣುಕಿದರೂ ನಾಲ್ಕು ಹನಿ ಬಿತ್ತೇ ಹೊರತು ಮತ್ತೇನೂ ಬರಲಿಲ್ಲ. ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಕಿಬ್ಬೊಟ್ಟೆ ಕಲ್ಲಾಗಿತ್ತು. ಊಟ ಮಾಡಿ ಬರುತ್ತೇನೆಂದು ಹುಸೇನಸಾಬರಿಗೆ ಸುಳ್ಳು ಹೇಳಿ, ಸ್ಟೇಷನ್ ರಸ್ತೆಯ ಒಂದು ದವಾಖಾನೆಯ ಮೆಟ್ಟಿಲ ಹತ್ತಿರ ಹೋಗಿ ನಿಂತೆ. ಒಳಗೆ ಹೆಂಗಸರ ದನಿ ಕೇಳಿಸಿತು. ಧೈರ್ಯ ಸಾಲಲಿಲ್ಲ, ತಿರುಗಿಬಿಟ್ಟೆ.

ಆಗ ಹಿಂದಿನಿಂದ ನರ್ಸಮ್ಮ ಕರೆದರು. ‘ಬ್ಯಾಡಗಿ ಕಂಡಕ್ಟರ್ ನೀವ ಏನ್ರಿ? ಬರ್ರಿ ಲಗೂ. ನಿಮ್ಮಣ್ಣಾರು ಎಲ್ಲಾ ಹೇಳಿ ಹೋಗ್ಯಾರ. ಡಾಕ್ಟರು ನಿಮ್ಮ ಸಲುವಾಗಿ ಊಟಕ್ಕೂ ಹೋಗಿಲ್ಲ.’

ಅಣ್ಣನೆಂದರೆ ಯಾರು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಳಗೆ ಡಾಕ್ಟರು ಪರೀಕ್ಷಿಸಿ, ‘ಮೂತ್ರ ಬರೂ ತೂತು ಸೂಜಿ ಮೊನಿ ಅಷ್ಟ ಉಳದೈತಿ. ಇನ್ನಷ್ಟು ತಡ ಮಾಡಿದ್ರ ಕಿಡ್ನಿಗೆ ಹೊಡೀತಿತ್ತು’ ಎಂದರು. ಅಲ್ಲೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ತುದಿಯನ್ನು ತುಸು ಕೊಯ್ದು ಅಗಲ ಮಾಡಿ ಹೊಲಿಗೆ ಹಾಕಿದರು. ನಾನು ವರ್ಷವಿಡೀ ಹೆದರಿದ್ದ ಕೆಲಸ ಚಹಾ ಕುಡಿಯುವಷ್ಟರಲ್ಲಿ ಮುಗಿದಿತ್ತು. ಸ್ವಲ್ಪ ಹೊತ್ತಿಗೆ ಮೂತ್ರ ತಾನೇ ತಾನಾಗಿ ಹರಿಯಿತು. ಉರಿ ಇತ್ತು, ಇರಲಿ. ದವಾಖಾನೆಯ ಬಚ್ಚಲಿನ ಗೋಡೆಗೆ ಕೈ ಊರಿ ನಿಂತು ಅತ್ತುಬಿಟ್ಟೆ. ಅಷ್ಟು ಹಗುರಾಗಿತ್ತು ಜೀವ.

ಹೊರಗೆ ಬಂದಾಗ ಡಾಕ್ಟರು ನಗುತ್ತ ಬೈದರು. ‘ಇನ್ನ ಮ್ಯಾಲ ನೀರು ಚಲ್ಲಬ್ಯಾಡ್ರಿ, ಕುಡೀರಿ. ಹೆಂಡ್ತಿ ತುಂಬಿ ಕೊಟ್ಟ ಬಾಟ್ಲಿ ನೀರನ್ನ ದಿನಾ ಬೇವಿನ ಗಿಡದ ಬುಡಕ್ಕ ಸುರೂತೀರಂತಲ್ಲ, ನಿಮ್ಮಣ್ಣ ಹೇಳಿದ್ರು.’

ಮೂತ್ರಕ್ಕೆ ಹೆದರಿ ನಾನು ಹಾಗೆ ಮಾಡುತ್ತಿದ್ದುದು ನಿಜ. ಆದರೆ ಅದನ್ನು ಕಂಡವರು ಯಾರೂ ಇರಲಿಲ್ಲ. ಮತ್ತೊಂದು ಮಾತು: ನಮ್ಮ ಮನೆಯಲ್ಲಿ ನಾನೇ ಹಿರಿಯ. ನನಗೆ ಅಣ್ಣನಿಲ್ಲ.

ಅವರು ಹೇಗಿದ್ದರು, ಯಾವಾಗ ಬಂದಿದ್ದರು ಎಂದು ನರ್ಸಮ್ಮನನ್ನು ಕೇಳಿದೆ. ‘ನಿಮ್ಮಂಗ ಅದಾರಲ್ರಿ, ತಲಿ ಅಷ್ಟ ಬೆಳ್ಳಗಾಗೈತಿ. ಮುಂಜಾನೆ ದವಾಖಾನಿ ತೆಗಿಯೂ ಹೊತ್ತಿಗೆ ಬಂದಿದ್ರು. ಅಂವ ನಾಚ್ಕೊಂಡು ತಿರಿಗಿ ಹೋಗ್ತಾನ, ಬಿಡಬ್ಯಾಡ್ರಿ ಅಂದ್ರು.’ ಮುಂಜಾನೆ ನಾನಿನ್ನೂ ಹಾವೇರಿಯಲ್ಲಿದ್ದೆ. ದವಾಖಾನೆಗೆ ಹೋಗಬೇಕೆಂಬ ವಿಚಾರವೇ ಆಗ ನನಗೆ ಬಂದಿರಲಿಲ್ಲ.

ಹುಸೇನಸಾಬರೇ ಯಾರನ್ನಾದರೂ ಕಳಿಸಿರಬೇಕೆಂದುಕೊಂಡು ಅವರನ್ನೇ ಕೇಳಿದೆ. ‘ಅಲ್ಲಾನ ಆಣೆ, ನನಗ ಗೊತ್ತಿದ್ರ ನಾ ಹಾರ್ನ್ ಹೊಡೀತಿದ್ನೇನೋ ತಮ್ಮಾ?’ ಎಂದು ಆ ಮನುಷ್ಯ ಕಣ್ಣಲ್ಲಿ ನೀರು ತಂದರು. ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಆಕೆ ತಂಬಿಗೆ ತುಂಬ ನೀರು ತಂದು ಮುಂದೆ ಹಿಡಿದಳು. ಒಂದೇ ಉಸಿರಿಗೆ ಕುಡಿದೆ.

ಆ ಮೇಲೆ ತೊಂದರೆ ಮರುಕಳಿಸಲಿಲ್ಲ. ಬಸ್ಸಿನಲ್ಲಿ ನನ್ನನ್ನು ಹೋಲುವ ನರೆತ ತಲೆಯವರು ಹತ್ತಿದಾಗಲೆಲ್ಲ ಮುಖ ನೋಡುತ್ತಿದ್ದೆ. ಯಾರೂ ಗುರುತಿನ ನಗೆ ನಗಲಿಲ್ಲ. ಹೊಲಿಗೆ ತೋರಿಸಲು ಮತ್ತೆ ಹೋದಾಗ ನರ್ಸಮ್ಮ, ‘ನಿಮ್ಮಣ್ಣಾರು ಆರಾಮ ಅದಾರೇನ್ರಿ?’ ಎಂದು ಕೇಳಿದ್ದರು. ನನಗೆ ಅಣ್ಣನಿಲ್ಲ ಎನ್ನಲು ಬಾಯಿ ಬರಲಿಲ್ಲ.

‘ಆರಾಮ ಅದಾರ್ರಿ’ ಎಂದು ಹೇಳಿ ಬಂದೆ.