ಗುರಾಣಿಯಿಲ್ಲದ ಬಿಲ್ಲುಗಾರ

ನಾನು ಮೊದಲ ಸಲ ಮನೆ ಬಿಟ್ಟದ್ದು ಒಂಬತ್ತನೇ ಕ್ಲಾಸಿನಲ್ಲಿ, ಒಂದು ಸೋಮವಾರ. ಆಮೇಲೆ ಎಲ್ಲೂ ನಿಂತವನಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಷೀನಿನ ರಿಪೇರಿಗೆಂದು ಮೂಡಿಗೆರೆಗೆ ಬಂದಾಗ ಕೆಲಸದಾಚೆಗೆ ನನ್ನ ಹತ್ತಿರ ಮಾತಾಡುತ್ತಿದ್ದವನು ಎಸ್ಟೇಟಿನ ಲೆಕ್ಕ ಬರೆಯುವ ಒಬ್ಬ ರೈಟರ್ ಮಾತ್ರ. ಸಂತೆಯ ದಿನ ಸೈಬರ್ ಕೆಫೆಯಲ್ಲಿ ಪಕ್ಕಪಕ್ಕ ಕೂತು ಕಂಪ್ಯೂಟರ್ ಗೇಮಿನಲ್ಲಿ ಕಾದಾಡುತ್ತಿದ್ದೆವು. ಅವನದು ಕತ್ತಿ ಗುರಾಣಿ ಹಿಡಿದ ಬಂಟ. ನನ್ನದು ಬಿಲ್ಲುಗಾರ. ಆಟದಲ್ಲಿ ಸಿಕ್ಕ ಪಾಯಿಂಟನ್ನು ಬಲ, ರಕ್ಷಣೆ, ಓಟ ಅಂತ ಹಂಚಬಹುದಿತ್ತು; ನಾನು ಎಲ್ಲವನ್ನೂ ಓಟಕ್ಕೇ ಸುರಿದಿದ್ದೆ. ಅವನ ಕತ್ತಿ ನನಗೆ ತಾಗುತ್ತಿರಲಿಲ್ಲ, ನನ್ನ ಬಾಣಕ್ಕೆ ಅವನು ಸಾಯುತ್ತಿರಲಿಲ್ಲ.

"ಸ್ವಲ್ಪ ರಕ್ಷಣೆಗೂ ಹಾಕು ಮಾರಾಯ. ಎದುರು ನಿಂತು ಹೊಡೆದಾಡುವ," ಅಂದ.

"ನಿಂತ್ರೆ ಸಾಯ್ತೀನಲ್ಲ."

"ಸತ್ರೆ ಇನ್ನೊಂದಾಟ. ನೀನು ಹೀಗೆ ಓಡ್ತಾ ಇದ್ರೆ ನಾನು ಒಬ್ಬನೇ ಆಡಿದ ಹಾಗೆ."

ಹೊಸ ಪಾಯಿಂಟ್ ಬಂದಾಗ ನನ್ನ ಬೆರಳು ಮತ್ತೆ ಓಟವನ್ನೇ ಒತ್ತಿತು. ಅವನು ನಕ್ಕು ಎದ್ದುಹೋದ. ಮುಂದಿನ ಸಂತೆಗೆ ಬೇರೊಬ್ಬನ ಪಕ್ಕ ಕೂತಿದ್ದ.

ನಾನು ರೂಮಿಗೆ ಬಂದು ಬ್ಯಾಗು ಕಟ್ಟಿದೆ. ಓಟದಲ್ಲಿ ನನ್ನನ್ನು ಇವತ್ತಿಗೂ ಯಾರೂ ಸೋಲಿಸಿಲ್ಲ.